ಬಾಲ್ಕನಿಗೆ ಮಡಚುವ ಬಟ್ಟೆ ಸ್ಟ್ಯಾಂಡ್: ಯಾವುದು ಕೊಳ್ಳಲಿ, ಹೇಗೆ ಇಡಲಿ?

ಪ್ರಶ್ನೆ: ಸರ್, ನಾವು ಬೆಂಗಳೂರಿನಲ್ಲಿ ಮೂರನೇ ಮಹಡಿಯ ಬಾಡಿಗೆ ಮನೆಯಲ್ಲಿದ್ದೇವೆ. ಬಾಲ್ಕನಿ ದಕ್ಷಿಣಕ್ಕಿದೆ, 8 ಅಡಿ ಉದ್ದ, 4 ಅಡಿ ಅಗಲ. ಗೋಡೆಗೆ ಮೊಳೆ ಹೊಡೆಯಲು ಓನರ್ ಬಿಡುವುದಿಲ್ಲ. ಎರಡು ವರ್ಷದ ಹಿಂದೆ ತಂದ ಮಡಚುವ ಸ್ಟ್ಯಾಂಡ್ ತುಕ್ಕು ಹಿಡಿದು ಮಾವನವರ ಬಿಳಿ ಪಂಚೆಗಳಿಗೆಲ್ಲ ಕಂದು ಕಲೆಯಾಗಿದೆ. ಮಳೆಗಾಲದಲ್ಲಿ ಎರಡು ದಿನವಾದರೂ ಬಟ್ಟೆ ಒಣಗುವುದಿಲ್ಲ, ಮುಗ್ಗಲು ವಾಸನೆ. ಈಗ ಹೊಸದು ತರಬೇಕು. ಸ್ಟೀಲ್ ತಗೊಳ್ಳಲಾ, ಅಲ್ಯೂಮಿನಿಯಂ ತಗೊಳ್ಳಲಾ? ಬಾಕ್ಸ್ ಮೇಲೆ ಬರೆದಿರುವ ಮೀಟರ್, ಕೆಜಿ ಲೆಕ್ಕ ನಂಬಬಹುದಾ? ಕುಂದಾಪುರದಲ್ಲಿರುವ ಅಮ್ಮನಿಗೂ ಒಂದು ಕೊಡಿಸಬೇಕು. ಇಬ್ಬರಿಗೂ ಒಂದೇ ಥರದ್ದು ಆಗುತ್ತಾ? ಮನೆಯಲ್ಲಿ 3 ವರ್ಷದ ಮಗು ಇದೆ.

ಉತ್ತರ: ಸ್ಟೀಲಾ ಅಲ್ಯೂಮಿನಿಯಮ್ಮಾ ಅಂತ ಎಲ್ಲರೂ ಮೊದಲು ಕೇಳುತ್ತಾರೆ. ನಾನಾದರೆ ಅದನ್ನು ಮೂರನೇ ಪ್ರಶ್ನೆ ಮಾಡುತ್ತೇನೆ. ಕಂಬಿಗಳ ನಡುವೆ ಗಾಳಿ ಆಡುತ್ತಾ, ಅದು ಮೊದಲನೆಯದು. ಕೀಲು ಗಟ್ಟಿಯಿದೆಯಾ, ಅದು ಎರಡನೆಯದು. ಲೋಹದ ಮಾತು ಆಮೇಲೆ. ನಮ್ಮ ಫ್ಯಾಬ್ರಿಕೇಶನ್ ಶೆಡ್ಡಿಗೆ ರಿಪೇರಿಗೆ ಬರುವ ಸ್ಟ್ಯಾಂಡ್‌ಗಳಲ್ಲಿ ಕಂಬಿ ಮುರಿದು ಬಂದವು ಅಪರೂಪ. ಕೀಲು ಸಡಿಲವಾಗಿ, ಒಂದು ರೆಕ್ಕೆ ಜೋತುಬಿದ್ದು ಬಂದವೇ ಜಾಸ್ತಿ.

ಮೊದಲು ನಿಮ್ಮ ಪಂಚೆಯ ಕಲೆ ನೋಡೋಣ. ಅದು ಸ್ಟ್ಯಾಂಡಿನದೇ ಅಂತ ಗ್ಯಾರಂಟಿನಾ? ಪಂಚೆಯನ್ನು ಹರಡಿ ನೋಡಿ. ಕಲೆ ಗೆರೆಯ ಹಾಗೆ ಅಡ್ಡಕ್ಕೆ ಓಡಿದ್ದರೆ ಕಂಬಿಯದು. ಬಟ್ಟೆಯ ಅಂಚಿನಲ್ಲಿ ಚುಕ್ಕೆ ಚುಕ್ಕೆಯಾಗಿ, ಮುಂದೆ ಹಿಂದೆ ಎದುರುಬದುರಾಗಿ ಇದ್ದರೆ ಅದು ಕ್ಲಿಪ್ಪಿನ ಸ್ಪ್ರಿಂಗಿನದು. ಕ್ಲಿಪ್ಪುಗಳನ್ನು ಹಗಲೂ ರಾತ್ರಿ ಹೊರಗೇ ಬಿಟ್ಟಿರುತ್ತೇವೆ. ಸ್ಪ್ರಿಂಗ್ ತುಕ್ಕು ಹಿಡಿದಿರುವುದು ನಮ್ಮ ಕಣ್ಣಿಗೇ ಬೀಳುವುದಿಲ್ಲ. ಹಾಗಿದ್ದರೆ ಹೊಸ ಸ್ಟ್ಯಾಂಡ್ ತಂದರೂ ಕಲೆ ನಿಲ್ಲುವುದಿಲ್ಲ, ಕ್ಲಿಪ್ ಬದಲಾಯಿಸಬೇಕು.

ಕಲೆ ತೆಗೆಯಲು ಬ್ಲೀಚ್ ಮಾತ್ರ ಹಾಕಬೇಡಿ. ಕ್ಲೋರಿನ್ ಬ್ಲೀಚ್ ಬಿದ್ದರೆ ತುಕ್ಕಿನ ಕಲೆ ಇನ್ನೂ ಗಟ್ಟಿಯಾಗಿ ಕೂರುತ್ತದೆ. ನಿಂಬೆರಸಕ್ಕೆ ಪುಡಿ ಉಪ್ಪು ಸೇರಿಸಿ ಕಲೆಯ ಮೇಲೆ ಹಚ್ಚಿ, ಒಂದು ಗಂಟೆ ಬಿಸಿಲಲ್ಲಿಟ್ಟು, ಚೆನ್ನಾಗಿ ಜಾಲಿಸಿ. ಒಂದೇ ಸಲಕ್ಕೆ ಪೂರ್ತಿ ಹೋಗದಿದ್ದರೆ ಮತ್ತೊಮ್ಮೆ ಮಾಡಿ. ಅಂಗಡಿಯಲ್ಲಿ ಸಿಗುವ ನಿಂಬೆ ಉಪ್ಪನ್ನು (ಸಿಟ್ರಿಕ್ ಆಸಿಡ್) ನೀರಲ್ಲಿ ಕರಗಿಸಿ ಹಚ್ಚಿದರೂ ಆಗುತ್ತದೆ. ಹುಳಿ ತುಕ್ಕನ್ನು ಕರಗಿಸುತ್ತದೆ, ಅಷ್ಟೇ ವಿಷಯ. ಬಣ್ಣದ ಬಟ್ಟೆಯಾದರೆ ಮೊದಲು ಮೂಲೆಯಲ್ಲಿ ಪರೀಕ್ಷೆ ಮಾಡಿ.

ಸ್ಟ್ಯಾಂಡ್ ಯಾಕೆ ತುಕ್ಕು ಹಿಡಿಯಿತು? ನಿಮ್ಮದು ಬಹುಶಃ ಪೌಡರ್ ಕೋಟಿಂಗ್ (ಬಣ್ಣದ ಪುಡಿಯನ್ನು ಕಾಯಿಸಿ ಅಂಟಿಸಿದ ಲೇಪ) ಮಾಡಿದ ಮಾಮೂಲಿ ಕಬ್ಬಿಣದ್ದು. ಪೌಡರ್ ಕೋಟಿಂಗ್ ಕೆಟ್ಟದ್ದಲ್ಲ. ಗೇಟು, ಗ್ರಿಲ್ಲಿಗೆಲ್ಲ ಅದೇ ಹೊಡೆಯುತ್ತಾರೆ. ಆದರೆ ಗೇಟಿನ ಪಟ್ಟಿಗಳು ಒಂದಕ್ಕೊಂದು ಉಜ್ಜುವುದಿಲ್ಲ. ಮಡಚುವ ಸ್ಟ್ಯಾಂಡಿನಲ್ಲಿ ದಿನಾ ಉಜ್ಜುತ್ತವೆ. ಹಳೆಯದೊಂದು ಕೀಲನ್ನು ಬಿಚ್ಚಿ ನೋಡಿದರೆ ಇಡೀ ಕತೆ ಅಲ್ಲೇ ಕಾಣುತ್ತದೆ. ಎರಡು ಪೈಪುಗಳು ಕತ್ತರಿಯಂತೆ ದಾಟುವ ಜಾಗದಲ್ಲಿ ಒಂದು ರಿವೆಟ್. ಪೈಪುಗಳ ನಡುವೆ ಇರಬೇಕಾದ ಪ್ಲಾಸ್ಟಿಕ್ ವಾಷರ್ ಇರುವುದೇ ಇಲ್ಲ, ಇದ್ದರೂ ಕಾಗದದಷ್ಟು ತೆಳು. ಕೋಟಿಂಗ್ ಬಳೆಯಾಕಾರದಲ್ಲಿ ಸವೆದು ಒಳಗಿನ ಕಬ್ಬಿಣ ಹೊಳೆಯುತ್ತಿರುತ್ತದೆ. ಒದ್ದೆ ಬಟ್ಟೆಯ ನೀರು ಅಲ್ಲಿಗೆ ಇಳಿದು ನಿಲ್ಲುತ್ತದೆ, ಗಾಳಿ ಹೋಗದ ಜಾಗ, ಬೇಗ ಒಣಗುವುದಿಲ್ಲ. ತುಕ್ಕು ಅಲ್ಲಿ ಶುರುವಾಗಿ ಕೋಟಿಂಗಿನ ಅಡಿಯಲ್ಲೇ ತೆವಳಿಕೊಂಡು ಹೋಗುತ್ತದೆ. ಮೇಲೆ ಗುಳ್ಳೆ ಎದ್ದಾಗಲೇ ನಮಗೆ ಗೊತ್ತಾಗುವುದು. ರಿವೆಟ್ ಹಾಕಿದ ತೂತು ಅಷ್ಟರಲ್ಲಿ ಗುಂಡಗಿರದೆ ಮೊಟ್ಟೆಯಾಕಾರಕ್ಕೆ ತಿರುಗಿರುತ್ತದೆ. ಆಗ ಸ್ಟ್ಯಾಂಡ್ ಅಲುಗಾಡಲು ಶುರು.

ಇನ್ನೊಂದು ಜಾಗ ಕಾಲಿನ ಬುಷ್. ಪೈಪಿನ ತುದಿಗೆ ಹಾಕುವ ಆ ರಬ್ಬರ್ ಟೋಪಿಯೊಳಗೆ ನೀರು ನಿಂತಿರುತ್ತದೆ. ಪೈಪ್ ಒಳಗಿನಿಂದ ಕೊಳೆಯುತ್ತದೆ, ಹೊರಗೆ ಬಣ್ಣ ಮಾತ್ರ ಚೆನ್ನಾಗಿರುತ್ತದೆ. ವರ್ಷಕ್ಕೆ ಎರಡು ಸಲ ಬುಷ್ ಕಿತ್ತು, ಪೈಪ್ ಅಲ್ಲಾಡಿಸಿ, ಒಣಗಿಸಿ ಮತ್ತೆ ಹಾಕಿ. ಇದನ್ನು ಯಾರೂ ಮಾಡುವುದಿಲ್ಲ.

ಈಗ ಲೋಹಕ್ಕೆ ಬರೋಣ. ಅಂಗಡಿಯವರು "ಎಸ್ಎಸ್ ಸಾರ್, ತುಕ್ಕೇ ಹಿಡಿಯಲ್ಲ" ಅಂತಾರೆ. ಎಸ್ಎಸ್ ಅಂದರೆ ಸ್ಟೇನ್‌ಲೆಸ್ ಸ್ಟೀಲ್, ಅದರಲ್ಲಿ ಯಾವುದು ಅಂತ ಕೇಳಿ. ನಮ್ಮ ಕಡೆ ಇಂಥ ಸಾಮಾನಿಗೆ ಹೆಚ್ಚಾಗಿ ಬಳಸುವುದು 202 ಮತ್ತು 304 ಗ್ರೇಡ್. 304ರಲ್ಲಿ ಸುಮಾರು 18 ಭಾಗ ಕ್ರೋಮಿಯಂ, 8 ಭಾಗ ನಿಕಲ್ ಇರುತ್ತದೆ. ನಿಕಲ್ ದುಬಾರಿ. ಅದಕ್ಕೇ 202ರಲ್ಲಿ ನಿಕಲ್ ಕಡಿಮೆ ಮಾಡಿ ಮ್ಯಾಂಗನೀಸ್ ಸೇರಿಸುತ್ತಾರೆ. ಅಡುಗೆಮನೆಯ ಒಳಗೆ 202 ಆರಾಮಾಗಿ ಬಾಳುತ್ತದೆ. ಹೊರಗೆ ಮಳೆಗೆ ನೆನೆಯುತ್ತಿದ್ದರೆ ಒಂದೆರಡು ವರ್ಷದಲ್ಲಿ ಕಂದು ಚುಕ್ಕೆ ಏಳುತ್ತದೆ.

ಮ್ಯಾಗ್ನೆಟ್ ಇಟ್ಟು ನೋಡಿ, ಅಂಟಲಿಲ್ಲ ಅಂದರೆ ಒಳ್ಳೇ ಸ್ಟೀಲ್ ಅನ್ನುವ ಮಾತು ಅರ್ಧ ಮಾತ್ರ ನಿಜ. 304 ಅಂಟುವುದಿಲ್ಲ, 202 ಕೂಡ ಅಂಟುವುದಿಲ್ಲ. ಮ್ಯಾಗ್ನೆಟ್ ಗಟ್ಟಿಯಾಗಿ ಅಂಟಿದರೆ ಅದು ಪಾಲಿಶ್ ಹೊಡೆದ ಕಬ್ಬಿಣ ಅಥವಾ 430 ಗ್ರೇಡ್ ಅಂತ ಗೊತ್ತಾಗುತ್ತದೆ, ಅಷ್ಟಕ್ಕೇ ಅದರ ಉಪಯೋಗ. ಮಿಕ್ಕದ್ದಕ್ಕೆ ಬಿಲ್ಲಿನಲ್ಲಿ ಗ್ರೇಡ್ ಬರೆಸಿಕೊಳ್ಳಿ. ಬರೆಯಲು ಹಿಂದೆಮುಂದೆ ನೋಡಿದರೆ ಉತ್ತರ ಸಿಕ್ಕಿತು ಅಂದುಕೊಳ್ಳಿ.

ಒಳ್ಳೆ ಸ್ಟೀಲ್ ಆದರೂ ವೆಲ್ಡಿಂಗ್ ಜಾಗ ನೋಡಲೇಬೇಕು. ಕಂಬಿಯನ್ನು ಫ್ರೇಮಿಗೆ ಟ್ಯಾಕ್ ವೆಲ್ಡ್ (ಚುಕ್ಕೆಯಷ್ಟು ಬೆಸುಗೆ) ಮಾಡಿದ ಕಡೆ ನೀಲಿ, ಕಪ್ಪು ಬಣ್ಣ ಹಾಗೇ ಉಳಿದಿದ್ದರೆ ಅದನ್ನು ಸ್ವಚ್ಛ ಮಾಡಿಲ್ಲ ಅಂತ ಅರ್ಥ. ಸ್ಟೀಲನ್ನು ತುಕ್ಕಿನಿಂದ ಕಾಯುವುದು ಮೇಲಿನ ತೆಳುವಾದ ಕ್ರೋಮಿಯಂ ಪದರ. ಬೆಂಕಿ ತಾಗಿದ ಕಡೆ ಅದು ಹಾಳಾಗಿರುತ್ತದೆ. ತುಕ್ಕು ಮೊದಲು ಕಾಣಿಸುವುದೂ ಅಲ್ಲೇ. ಕಂಬಿಯ ಮಧ್ಯ ಭಾಗ ಕನ್ನಡಿಯಂತೆ ಹೊಳೆದರೆ ಮಾರುಹೋಗಬೇಡಿ, ತುದಿ ನೋಡಿ.

ಅಲ್ಯೂಮಿನಿಯಂ ತುಕ್ಕು ಹಿಡಿಯುವುದಿಲ್ಲ, ಹಗುರ, ಎತ್ತಿಡಲು ಸುಲಭ. ಆದರೆ ಎರಡು ತೊಂದರೆ. ಬರಿ ಅಲ್ಯೂಮಿನಿಯಂ ಆದರೆ ಒದ್ದೆ ಬಿಳಿ ಬಟ್ಟೆ ಉಜ್ಜಿದಾಗ ಬೂದು ಗೆರೆ ಬೀಳುತ್ತದೆ. ಆನೊಡೈಸ್ ಮಾಡಿದ್ದೇ, ಅಂದರೆ ಕರೆಂಟ್ ಹಾಯಿಸಿ ಮೇಲೆ ಗಟ್ಟಿ ಆಕ್ಸೈಡ್ ಪದರ ಬೆಳೆಸಿದ್ದೇ ಬೇಕು. ಅಂಗಡಿಯಲ್ಲಿ ಬಿಳಿ ಕರ್ಚೀಫನ್ನು ಸ್ವಲ್ಪ ಒದ್ದೆ ಮಾಡಿ ಕಂಬಿಯನ್ನು ಗಟ್ಟಿಯಾಗಿ ಒರೆಸಿ, ಗೊತ್ತಾಗುತ್ತದೆ. ಎರಡನೆಯದು, ಅಲ್ಯೂಮಿನಿಯಂ ಮೆತ್ತಗೆ. ತೆಳು ಪೈಪಿಗೆ ರಿವೆಟ್ ಹೊಡೆದರೆ ತೂತು ಬೇಗ ಅಗಲವಾಗುತ್ತದೆ. ಪೈಪಿನ ಮೇಲೆ ಹೆಬ್ಬೆರಳಿಟ್ಟು ಒತ್ತಿ. ತಗ್ಗಿದರೆ ಅಲ್ಲೇ ಬಿಡಿ.

ಪ್ಲಾಸ್ಟಿಕ್ ಕೀಲುಗಳ ಬಗ್ಗೆ ಜನರಿಗೆ ಸುಮ್ನೆ ಅಸಡ್ಡೆ. ದಪ್ಪ ನೈಲಾನ್ ಕೀಲು ತೆಳು ಕಬ್ಬಿಣದ ರಿವೆಟ್ಟಿಗಿಂತ ಎಷ್ಟೋ ವಾಸಿ, ಉಜ್ಜಿದರೂ ತುಕ್ಕಿನ ಭಯವಿಲ್ಲ. ಅದಕ್ಕೆ ಶತ್ರು ಬಿಸಿಲು. ತಿಳಿ ಬಣ್ಣದ, ತೆಳ್ಳಗಿನ ಪ್ಲಾಸ್ಟಿಕ್ ಒಂದೆರಡು ಬೇಸಿಗೆಯಲ್ಲಿ ಬಿಳುಚಿಕೊಂಡು ಒಡೆಯುತ್ತದೆ. ಕಪ್ಪು ಪ್ಲಾಸ್ಟಿಕ್‌ಗೆ ಸಾಮಾನ್ಯವಾಗಿ ಇಂಗಾಲದ ಕಪ್ಪು ಪುಡಿ ಬೆರೆಸಿರುತ್ತಾರೆ. ಅದು ಬಿಸಿಲಿನ ಅತಿನೇರಳೆ ಕಿರಣವನ್ನು ಹೀರಿಕೊಂಡು ಒಳಗಿನ ಪ್ಲಾಸ್ಟಿಕ್ಕನ್ನು ಕಾಯುತ್ತದೆ. ಹೊರಗಿಡುವ ಸ್ಟ್ಯಾಂಡಿಗೆ ಕಪ್ಪು ಕೀಲು ಮೇಲು.

ಬಾಕ್ಸಿನ ಲೆಕ್ಕ ಕೇಳಿದ್ದೀರಿ. 20 ಮೀಟರ್ ಅಂತ ಬರೆದಿದ್ದರೆ ಅದು ಎಲ್ಲ ಕಂಬಿಗಳನ್ನೂ ಉದ್ದಕ್ಕೆ ಜೋಡಿಸಿದರೆ ಆಗುವ ಅಳತೆ. ಸುಳ್ಳಲ್ಲ. ಆದರೆ ಕಂಬಿಗಳ ನಡುವೆ ಎರಡೂವರೆ ಇಂಚು ಜಾಗವಿಟ್ಟು 20 ಮೀಟರ್ ತೋರಿಸಿದ್ದರೆ ನೀವು ಒಂದು ಬಿಟ್ಟು ಒಂದು ಕಂಬಿಗೇ ಬಟ್ಟೆ ಹಾಕಬೇಕಾಗುತ್ತದೆ. ಆಗ ಅದು 10 ಮೀಟರ್. ಅದರ ಬದಲು ನಾಲ್ಕೈದು ಇಂಚು ಬಿಟ್ಟು 12 ಮೀಟರ್ ಕೊಟ್ಟಿರುವ ಸ್ಟ್ಯಾಂಡ್ ನಿಮಗೆ ಹೆಚ್ಚು ಬಟ್ಟೆ ಒಣಗಿಸಿಕೊಡುತ್ತದೆ. ಹಾಗೇ 30 ಕೆಜಿ ಅನ್ನುವುದು ಇಡೀ ಸ್ಟ್ಯಾಂಡಿಗೆ ಸಮನಾಗಿ ಹಂಚಿದರೆ ಮಾತ್ರ. ಒಂದು ರೆಕ್ಕೆಯ ತುದಿಗೆ ಎರಡು ಒದ್ದೆ ಜೀನ್ಸ್ ಹಾಕಿದರೆ ಬೇರೆ ಲೆಕ್ಕ. ಟವೆಲ್, ಜೀನ್ಸ್ ಮಧ್ಯಕ್ಕೆ. ರೆಕ್ಕೆಗೆ ಬನಿಯನ್, ಮಗುವಿನ ಬಟ್ಟೆ.

ಎಷ್ಟು ತೂಕ ಬೀಳುತ್ತೆ ಅಂತ ನಾವೇ ಲೆಕ್ಕ ಹಾಕೋಣ. 4 ಕೆಜಿ ಹತ್ತಿ ಬಟ್ಟೆ ಒಗೆದಿರಿ ಅಂತಿಟ್ಟುಕೊಳ್ಳಿ. ಕೈಯಲ್ಲಿ ಹಿಂಡಿದರೆ ಹೆಚ್ಚುಕಡಿಮೆ ಅಷ್ಟೇ ತೂಕದ ನೀರು ಉಳಿಯುತ್ತದೆ, ಒಟ್ಟು 8 ಕೆಜಿ. ಮಷೀನಿನಲ್ಲಿ ನಿಮಿಷಕ್ಕೆ 1,000 ಸುತ್ತಿನ ಸ್ಪಿನ್ ಹಾಕಿದರೆ ಸುಮಾರು ಎರಡೂವರೆ ಲೀಟರ್ ಉಳಿಯುತ್ತದೆ. ಸ್ಟ್ಯಾಂಡಿಗೆ ಹೊರೆಯೂ ಕಡಿಮೆ, ಒಣಗುವ ಕೆಲಸವೂ ಕಡಿಮೆ. ಮಳೆಗಾಲದಲ್ಲಿ ಇನ್ನೊಂದು ಸಲ ಬರಿ ಸ್ಪಿನ್ ಕೊಡಿ. ಅದಕ್ಕೆ ಆಗುವ ಕರೆಂಟು ತೀರಾ ಕಡಿಮೆ. ಒಂದು ಲೀಟರ್ ನೀರು ಆವಿಯಾಗಲು ಒಂದು ಯೂನಿಟ್ ಕರೆಂಟಿನ ಮೂರನೇ ಎರಡು ಭಾಗದಷ್ಟು ಶಾಖ ಬೇಕು. ಅಂದರೆ ಎರಡೂವರೆ ಲೀಟರಿಗೆ ಒಂದೂವರೆ ಯೂನಿಟ್‌ಗೂ ಜಾಸ್ತಿ. ಇಷ್ಟನ್ನೂ ಸುಮ್ಮನೆ ಬಾಲ್ಕನಿಯಲ್ಲಿ ಪುಕ್ಕಟೆ ಕೊಡುವುದು ಗಾಳಿ ಮತ್ತು ಬಿಸಿಲು.

ಇದರಲ್ಲಿ ಗಾಳಿಯ ಪಾಲೇ ದೊಡ್ಡದು. ಗಾಳಿ ಎರಡು ಕೆಲಸ ಮಾಡುತ್ತದೆ. ಬಟ್ಟೆಗೆ ಶಾಖ ತಂದು ಕೊಡುತ್ತದೆ, ಬಟ್ಟೆಯಿಂದ ಎದ್ದ ಆವಿಯನ್ನು ಹೊತ್ತುಕೊಂಡು ಹೋಗುತ್ತದೆ. ಆವಿ ಅಲ್ಲೇ ಸುತ್ತಿಕೊಂಡು ನಿಂತರೆ ಬಿಸಿಲಿದ್ದೂ ಬಟ್ಟೆ ತೇವವಾಗಿಯೇ ಇರುತ್ತದೆ. ಒತ್ತೊತ್ತಾಗಿ ಹಾಕಿದ ಸ್ಟ್ಯಾಂಡಿನಲ್ಲಿ ಹೊರಗಿನ ಎರಡು ಬಟ್ಟೆ ಒಣಗಿ, ನಡುವಿನವು ಹಸಿ ಉಳಿಯುವುದು ಇದಕ್ಕೇ.

ನಿಮ್ಮದು ದಕ್ಷಿಣದ ಬಾಲ್ಕನಿ. ದಕ್ಷಿಣ ಅಂದರೆ ದಿನವಿಡೀ ಬಿಸಿಲು ಅಂತ ಓನರ್ ಹೇಳಿರುತ್ತಾರೆ. ಡಿಸೆಂಬರಿನಲ್ಲಿ ಅದು ನಿಜ. ಆಗ ನಡುಮಧ್ಯಾಹ್ನದ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ, ಸುಮಾರು 54 ಡಿಗ್ರಿ ಎತ್ತರದಲ್ಲಿ, ಬಿಸಿಲು ಬಾಲ್ಕನಿಯ ಒಳಗೇ ಬರುತ್ತದೆ. ಆದರೆ ಬೆಂಗಳೂರಿರುವುದು ಹೆಚ್ಚುಕಡಿಮೆ 13 ಡಿಗ್ರಿ ಅಕ್ಷಾಂಶದಲ್ಲಿ. ಏಪ್ರಿಲ್ 24ರ ಆಸುಪಾಸಿನಲ್ಲಿ ಇಲ್ಲಿ ಶೂನ್ಯ ನೆರಳಿನ ದಿನ ಬರುತ್ತದಲ್ಲ, ಸೂರ್ಯ ನೇರ ನೆತ್ತಿಯ ಮೇಲೆ ಬರುವ ದಿನ? ಅಲ್ಲಿಂದ ಮುಂದೆ ಅವನು ಉತ್ತರಕ್ಕೆ ದಾಟುತ್ತಾನೆ. ವಾಪಸ್ ನೆತ್ತಿಗೆ ಬರುವುದು ಆಗಸ್ಟ್ 18ರ ಸುಮಾರಿಗೆ. ಈ ನಡುವಿನ ಸುಮಾರು ನಾಲ್ಕು ತಿಂಗಳು ದಕ್ಷಿಣದ ಗೋಡೆಗೆ ನೇರ ಬಿಸಿಲೇ ಬೀಳುವುದಿಲ್ಲ, ಬೆಳಿಗ್ಗೆಯೂ ಇಲ್ಲ, ಸಂಜೆಯೂ ಇಲ್ಲ. ಮಳೆಗಾಲದ ಹೆಚ್ಚಿನ ಭಾಗ ಇದೇ ಸಮಯದಲ್ಲಿ ಬರುತ್ತದೆ. ಬಟ್ಟೆ ಒಣಗುತ್ತಿಲ್ಲ ಅಂತ ನೀವು ಮೋಡವನ್ನು ಬೈದುಕೊಳ್ಳುತ್ತಿದ್ದೀರಿ. ಮೋಡ ಇಲ್ಲದಿದ್ದರೂ ಜೂನಿನಲ್ಲಿ ಆ ಬಾಲ್ಕನಿಗೆ ಬಿಸಿಲಿಲ್ಲ.

ಆದರೆ ಗಾಳಿ ಇದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೆಂಗಳೂರಿನಲ್ಲಿ ಗಾಳಿ ಬೀಸುವುದು ಪಶ್ಚಿಮ, ನೈಋತ್ಯದ ಕಡೆಯಿಂದ. ಅಂದರೆ ನಿಮ್ಮ ಬಾಲ್ಕನಿಯ ಉದ್ದಕ್ಕೇ ಗಾಳಿ ಓಡುತ್ತದೆ. ಕಂಬಿಗಳೂ ಉದ್ದಕ್ಕೇ, ಪೂರ್ವ-ಪಶ್ಚಿಮವಾಗಿ ಬರುವ ಹಾಗೆ ಸ್ಟ್ಯಾಂಡ್ ನಿಲ್ಲಿಸಿ. ಆಗ ಬಟ್ಟೆಗಳ ನಡುವಿನ ಓಣಿಗಳಲ್ಲಿ ಗಾಳಿ ತೂರಿಕೊಂಡು ಹೋಗುತ್ತದೆ. ಅಡ್ಡಕ್ಕೆ ನಿಲ್ಲಿಸಿದರೆ ಮೊದಲ ಟವೆಲ್ಲೇ ಗೋಡೆಯಾಗಿ ನಿಂತುಬಿಡುತ್ತದೆ. ಯಾವ ಕಡೆಯಿಂದ ಗಾಳಿ ಅಂತ ಅನುಮಾನವಿದ್ದರೆ ಒಂದು ಊದುಬತ್ತಿ ಹಚ್ಚಿ ನೋಡಿ. ಅಕ್ಕಪಕ್ಕದ ಕಟ್ಟಡಗಳು ಗಾಳಿಯನ್ನು ತಿರುಗಿಸುತ್ತವೆ, ಪುಸ್ತಕದ ದಿಕ್ಕು ನಿಮ್ಮ ಗಲ್ಲಿಗೆ ಸರಿಹೋಗದೇ ಇರಬಹುದು.

ಹರವುವುದರಲ್ಲೂ ಸ್ವಲ್ಪ ಜಾಣತನ ಬೇಕು. ಶರ್ಟುಗಳನ್ನು ಹ್ಯಾಂಗರಿಗೆ ಹಾಕಿ ಹೊರಗಿನ ಕಂಬಿಗೆ ತೂಗಿಬಿಡಿ. ಪ್ಯಾಂಟನ್ನು ಒಳಮೈ ಹೊರಗೆ ಮಾಡಿ ಸೊಂಟದ ಪಟ್ಟಿ ಮೇಲಕ್ಕೆ ಬರುವ ಹಾಗೆ ಕ್ಲಿಪ್ ಹಾಕಿ, ಜೇಬುಗಳು ಹೊರಗಿರಲಿ. ಪಂಚೆಯನ್ನು ನಾಲ್ಕು ಮಡಿಕೆ ಮಾಡಿ ಒಂದು ಕಂಬಿಗೆ ಹಾಕುವ ಬದಲು ಒಂದೇ ಮಡಿಕೆಯಲ್ಲಿ, ನಡುವೆ ಒಂದು ಕಂಬಿ ಬಿಟ್ಟು ಎರಡು ಕಂಬಿಗಳ ಮೇಲೆ ಡೇರೆಯ ಥರ ಹಾಕಿ. ಒಳಗಿಂದಲೂ ಗಾಳಿ ಆಡುತ್ತದೆ. ಸೀರೆಗೆ ಐದೂವರೆ ಮೀಟರ್ ಉದ್ದ, ನಾಲ್ಕು ಅಡಿಗೆ ಸ್ವಲ್ಪ ಕಡಿಮೆ ಅಗಲ. ಅಗಲದಲ್ಲಿ ಒಂದು ಮಡಿಕೆ ಮಾಡಿ, ಕಂಬಿಯಿಂದ ಕಂಬಿಗೆ ಅಲೆ ಅಲೆಯಾಗಿ ಇಳಿಬಿಡುತ್ತಾ ಹೋಗಿ. ಸ್ಟ್ಯಾಂಡ್ ಕೊಳ್ಳುವಾಗ ಕಂಬಿಯ ಉದ್ದ ಎರಡು ಅಡಿಯಾದರೂ ಇದೆಯಾ ಅಂತ ನೋಡಬೇಕಾದ್ದು ಇದಕ್ಕೇ. ಡಬಲ್ ಬೆಡ್‌ಶೀಟ್ ಒಗೆಯುವ ದಿನ ಬೇರೇನೂ ಒಗೆಯಬೇಡಿ, ಅಥವಾ ಟೆರೇಸಿನ ಹಗ್ಗಕ್ಕೆ ಒಯ್ಯಿರಿ. ಬಾಲ್ಕನಿ ಸ್ಟ್ಯಾಂಡಿಗೆ ಅದು ಹೇಳಿ ಮಾಡಿಸಿದ್ದಲ್ಲ.

ವಾಸನೆಯ ವಿಷಯ. 2012ರಲ್ಲಿ ಜಪಾನಿನ ಸಂಶೋಧಕರು ಒಗೆದ ಬಟ್ಟೆಯ ಮುಗ್ಗಲು ವಾಸನೆಗೆ ಮುಖ್ಯ ಕಾರಣ ಮೊರಾಕ್ಸೆಲ್ಲಾ ಓಸ್ಲೋಯೆನ್ಸಿಸ್ ಅನ್ನುವ ಬ್ಯಾಕ್ಟೀರಿಯಾ ಅಂತ ಗುರುತಿಸಿದರು. ನಮ್ಮ ಬೆವರು, ಮೈಜಿಡ್ಡು ಬಟ್ಟೆಯಲ್ಲಿ ಉಳಿದಿದ್ದರೆ ಅದಕ್ಕೆ ಊಟ, ತೇವ ಇದ್ದಷ್ಟು ಹೊತ್ತೂ ಬೆಳೆಯುತ್ತದೆ. ಬೇರೆ ಬ್ಯಾಕ್ಟೀರಿಯಾಗಳಿಗೆ ಹೋಲಿಸಿದರೆ ಇದು ಒಣಗಿದರೂ, ಅತಿನೇರಳೆ ಕಿರಣ ಬಿದ್ದರೂ ತಡೆದುಕೊಳ್ಳುತ್ತದೆ. ಹಾಗಾಗಿ ವಾಸನೆ ಬಂದ ಟವೆಲ್ಲನ್ನು ಬಿಸಿಲಿಗೆ ಹಾಕಿದರೆ ಆಗ ಹೋದಂತೆ ಕಂಡು, ಮತ್ತೆ ಒದ್ದೆಯಾದ ಕೂಡಲೇ ವಾಪಸ್ ಬರುತ್ತದೆ. ನಿಮಗೂ ಇದು ಅನುಭವಕ್ಕೆ ಬಂದಿರಬೇಕು, ಅಲ್ವಾ? ಅಂಥ ಟವೆಲ್ಲು, ಬನಿಯನ್ನುಗಳನ್ನು 60 ಡಿಗ್ರಿಯ ಬಿಸಿನೀರಿನಲ್ಲಿ ಒಗೆಯಿರಿ. ಆಮೇಲೆ ಬೇಗ ಒಣಗಿಸಿ. ಮಷೀನಿನಲ್ಲಿ ರಾತ್ರಿಯಿಡೀ ಒದ್ದೆ ಬಟ್ಟೆ ಬಿಟ್ಟು ಬೆಳಿಗ್ಗೆ ಹರವುವ ಅಭ್ಯಾಸವಿದ್ದರೆ ಇವತ್ತೇ ಬಿಡಿ. ಸಾಫ್ಟ್‌ನರ್ ಸುರಿದರೆ ವಾಸನೆ ಮುಚ್ಚುತ್ತದೆ, ಹೋಗುವುದಿಲ್ಲ.

ಮಳೆ ಹಿಡಿದಾಗ ಸ್ಟ್ಯಾಂಡನ್ನು ಒಳಗೆ ತಂದು ರೂಮಿನ ಬಾಗಿಲು, ಕಿಟಕಿ ಮುಚ್ಚುತ್ತಾರೆ. ಇದು ಯಾಕೆ ಕೆಲಸ ಮಾಡುವುದಿಲ್ಲ ಅಂತ ಸಣ್ಣ ಲೆಕ್ಕ ನೋಡಿ. ಹತ್ತಡಿ ಉದ್ದ, ಹತ್ತಡಿ ಅಗಲ, ಹತ್ತಡಿ ಎತ್ತರದ ರೂಮಿನಲ್ಲಿ ಸುಮಾರು 28 ಘನ ಮೀಟರ್ ಗಾಳಿ ಇರುತ್ತದೆ. 25 ಡಿಗ್ರಿಯಲ್ಲಿ ಅಷ್ಟು ಗಾಳಿ ಹಿಡಿದುಕೊಳ್ಳಬಲ್ಲ ನೀರಾವಿ ಹೆಚ್ಚೆಂದರೆ 650 ಗ್ರಾಂ. ಮಳೆಯ ದಿನ ಗಾಳಿಯಲ್ಲಿ ಆಗಲೇ ಶೇ. 80ರಷ್ಟು ತೇವ ಇದ್ದರೆ ಉಳಿದ ಜಾಗ ಬರಿ 130 ಗ್ರಾಂ. ನಿಮ್ಮ ಬಟ್ಟೆಯಲ್ಲಿರುವುದು ಎರಡೂವರೆ ಲೀಟರ್. ಅಂದರೆ ಆ ರೂಮಿನ ಗಾಳಿ ಪೂರ್ತಿ ಖಾಲಿಯಾಗಿ ಹೊಸದು ತುಂಬುವುದು ಸುಮಾರು ಇಪ್ಪತ್ತು ಸಲ ಆಗಬೇಕು. ಕಿಟಕಿ ಮುಚ್ಚಿದ್ದರೆ ಆ ನೀರು ಗೋಡೆಗೆ, ಬೀರುವಿನ ಹಿಂದಕ್ಕೆ, ಹಾಸಿಗೆಗೆ ಹೋಗಿ ಕೂರುತ್ತದೆ. ಬೂಷ್ಟು ಬರುವುದು ಹಾಗೆ.

ಹಾಗಾಗಿ ಮಳೆಯಲ್ಲೂ ಎದುರುಬದುರಿನ ಎರಡು ಕಿಟಕಿಯೋ, ಒಂದು ಕಿಟಕಿ ಒಂದು ಬಾಗಿಲೋ ತೆಗೆದಿರಲಿ. ಫ್ಯಾನಿನ ಕೆಳಗೆ ಸ್ಟ್ಯಾಂಡ್ ಇಡಿ. ಟೇಬಲ್ ಫ್ಯಾನ್ ಇದ್ದರೆ ಇನ್ನೂ ಒಳ್ಳೆಯದು, ಪಕ್ಕದಿಂದ ಸ್ವಲ್ಪ ಕೆಳಗಿಟ್ಟು ಬಟ್ಟೆಗಳ ಸಾಲಿನ ನಡುವೆ ಗಾಳಿ ಹೋಗುವ ಹಾಗೆ ತಿರುಗಿಸಿ. ಬೆಂಗಳೂರಿನ ಮಳೆಗಾಲದಲ್ಲೂ ಮಧ್ಯಾಹ್ನದ ಹೊತ್ತಿಗೆ ಗಾಳಿಯ ತೇವ ಬೆಳಗಿಗಿಂತ ಎಷ್ಟೋ ಇಳಿದಿರುತ್ತದೆ. ಬೆಳಿಗ್ಗೆ 6ಕ್ಕೆ ಹರವಿ ಏನೂ ಗಿಟ್ಟುವುದಿಲ್ಲ. 10ರ ಮೇಲೆ ಹರವಿ, 5ರೊಳಗೆ ಒಳಗೆ ತನ್ನಿ. ಕತ್ತಲಾದ ಮೇಲೆ ಹೊರಗೇ ಬಿಟ್ಟರೆ ಒಣಗಿದ ಬಟ್ಟೆಯೂ ತೇವ ಎಳೆದುಕೊಳ್ಳುತ್ತದೆ.

ಈಗ ಮಗುವಿನ ವಿಷಯ. ಇದನ್ನು ದಯವಿಟ್ಟು ಹಗುರವಾಗಿ ತಗೋಬೇಡಿ. ಅಡ್ಡಕಂಬಿ ಇರುವ ಸ್ಟ್ಯಾಂಡ್ 3 ವರ್ಷದ ಮಗುವಿನ ಕಣ್ಣಿಗೆ ಏಣಿ. ರೇಲಿಂಗಿಗೆ ತಾಗಿಸಿ ಇಟ್ಟರೆ ಹತ್ತಿಬಿಡುತ್ತದೆ. ಮನೆಗೋಡೆಯ ಪಕ್ಕಕ್ಕಿಟ್ಟು, ರೇಲಿಂಗ್ ಕಡೆ ಕನಿಷ್ಠ ಎರಡು ಅಡಿ ಬಿಡಿ. ಬಟ್ಟೆ ತೆಗೆದ ಮೇಲೆ ಮಡಚಿ ಒಳಗಿಡಿ. ನಿಮ್ಮ ಬಾಲ್ಕನಿ ನಾಲ್ಕೇ ಅಡಿ ಅಗಲ, ಆದ್ದರಿಂದ ಸ್ಟ್ಯಾಂಡಿನ ಅಗಲ ಎರಡು ಅಡಿ ಮೀರದಿರಲಿ. ಬಾಲ್ಕನಿ ಬಾಗಿಲಿಗೆ ಮೇಲುಗಡೆ ಚಿಲಕ ಇರಲಿ. ಕತ್ತರಿ ಕಾಲಿನ ಸ್ಟ್ಯಾಂಡಿನಲ್ಲಿ ಬೆರಳು ಸಿಕ್ಕಿಕೊಳ್ಳುವ ಅಪಾಯವೂ ಇದೆ. ತೆರೆದಾಗ "ಟಕ್" ಅಂತ ಕೂರುವ ಲಾಕ್ ಇಲ್ಲದ್ದನ್ನು ತರಲೇಬೇಡಿ. ಅಂಗಡಿಯಲ್ಲಿ ತೆರೆದು, ಎರಡೂ ರೆಕ್ಕೆಗಳ ಮೇಲೆ ಅಂಗೈ ಊರಿ ಒತ್ತಿ ನೋಡಿ. ಆಮೇಲೆ ಪಕ್ಕಕ್ಕೆ ಅಲ್ಲಾಡಿಸಿ. ಕಟಕಟ ಸದ್ದು ಬಂದರೆ ಬೇಡ.

ಗಾಳಿಗೆ ಉರುಳುವುದೂ ಅಷ್ಟೇ ಅಪಾಯ. ಗಂಟೆಗೆ 36 ಕಿಮೀ ಗಾಳಿ ಬೀಸಿದರೆ ಒಂದು ಚದರ ಮೀಟರಿಗೆ ಸುಮಾರು 6 ಕೆಜಿಯಷ್ಟು ತಳ್ಳುತ್ತದೆ. ಒದ್ದೆ ಬೆಡ್‌ಶೀಟ್ ಒಂದೂವರೆ ಚದರ ಮೀಟರ್ ಮುಖ ಕೊಟ್ಟು ನಿಂತಿದ್ದರೆ 9 ಕೆಜಿ. ಖಾಲಿ ಸ್ಟ್ಯಾಂಡಿನ ತೂಕ ನಾಲ್ಕೈದು ಕೆಜಿ. ಏಪ್ರಿಲ್, ಮೇ ತಿಂಗಳ ಸಂಜೆ ಮಳೆಗೆ ಮುಂಚೆ ಬರುವ ಗಾಳಿ ಇದಕ್ಕಿಂತ ಜೋರಾಗಿರುತ್ತದೆ. ಮೂರನೇ ಮಹಡಿಯಿಂದ ಸ್ಟ್ಯಾಂಡ್ ಕೆಳಗೆ ಬಿದ್ದರೆ ಯಾರ ತಲೆಯ ಮೇಲೆ? ಒಂದು ಕಾಲನ್ನು ಕಿಟಕಿಯ ಗ್ರಿಲ್ಲಿಗೆ ಗಟ್ಟಿ ಹಗ್ಗದಿಂದ ಕಟ್ಟಿ. ಮೊಳೆ ಬೇಡ, ಓನರ್ ತಕರಾರೂ ಇಲ್ಲ. ಚಕ್ರ ಇರುವ ಮೂರು ಅಂತಸ್ತಿನ ಎತ್ತರದ ಸ್ಟ್ಯಾಂಡ್ ನಿಮ್ಮ ಬಾಲ್ಕನಿಗೆ ಬೇಡವೇ ಬೇಡ. ನೀರು ಹರಿಯಲಿ ಅಂತ ಬಾಲ್ಕನಿ ನೆಲವನ್ನು ಇಳಿಜಾರಾಗಿ ಕಟ್ಟಿರುತ್ತಾರೆ, ಚಕ್ರ ತಾನೇ ಜಾರುತ್ತದೆ. ಕೆಳಗಿನ ಅಂತಸ್ತಿಗೆ ಗಾಳಿಯೂ ತಲುಪುವುದಿಲ್ಲ, ಮೇಲಿನ ಬಟ್ಟೆಯ ನೀರು ಮಾತ್ರ ತಲುಪುತ್ತದೆ. ರೇಲಿಂಗಿನ ಹೊರಗೆ ನೇತುಹಾಕುವ ಸ್ಟ್ಯಾಂಡ್ ಕೂಡ ಬೇಡ, ಅಸೋಸಿಯೇಷನ್‌ನವರು ಬಿಟ್ಟರೂ.

ಕುಂದಾಪುರದ ಅಮ್ಮನವರಿಗೆ ಇದೇ ಸ್ಟ್ಯಾಂಡ್ ಆಗುವುದಿಲ್ಲ. ಬೆಂಗಳೂರಿಗೆ ವರ್ಷಕ್ಕೆ 970 ಮಿಮೀ ಆಸುಪಾಸು ಮಳೆ. ಕರಾವಳಿಯಲ್ಲಿ 3,500 ಮಿಮೀ ಮೀರುತ್ತದೆ, ಜೊತೆಗೆ ಸಮುದ್ರದ ಉಪ್ಪಿನ ಗಾಳಿ. ಉಪ್ಪಿನ ಕ್ಲೋರೈಡ್ ಸ್ಟೀಲಿನ ಆ ಕ್ರೋಮಿಯಂ ಪದರವನ್ನೇ ಚುಚ್ಚುತ್ತದೆ. 304 ಗ್ರೇಡಿಗೂ ಅಲ್ಲಿ ಚಹಾ ಬಣ್ಣದ ಕಲೆ ಬರುತ್ತದೆ. ಮಾಲಿಬ್ಡಿನಂ ಸೇರಿಸಿದ 316 ಗ್ರೇಡ್ ತಡೆಯುತ್ತದೆ, ಆದರೆ ಬಟ್ಟೆ ಸ್ಟ್ಯಾಂಡನ್ನು ಅದರಲ್ಲಿ ಮಾಡಿಸಿದರೆ ಸಿಕ್ಕಾಪಟ್ಟೆ ದುಡ್ಡು. ಅಲ್ಲಿಗೆ ನನ್ನ ಆಯ್ಕೆ ಆನೊಡೈಸ್ ಮಾಡಿದ ದಪ್ಪ ಅಲ್ಯೂಮಿನಿಯಂ, ಕಪ್ಪು ನೈಲಾನ್ ಕೀಲು. ಅಲ್ಯೂಮಿನಿಯಂ ಪೈಪಿಗೆ ಸ್ಟೀಲ್ ಬೋಲ್ಟ್ ನೇರವಾಗಿ ಕೂತಿದ್ದರೆ ಉಪ್ಪು ತೇವದಲ್ಲಿ ಬೋಲ್ಟಿನ ಸುತ್ತ ಬಿಳಿ ಪುಡಿ ಏಳುತ್ತದೆ, ಪೈಪ್ ಸವೆಯುತ್ತದೆ. ನಡುವೆ ನೈಲಾನ್ ವಾಷರ್ ಇರಬೇಕು. ವಾರಕ್ಕೊಂದು ಸಲ ಬಾವಿಯ ಸಿಹಿನೀರಿನಲ್ಲಿ ಒದ್ದೆ ಬಟ್ಟೆ ಹಿಂಡಿ ಒರೆಸಿದರೆ ಸಾಕು. ಹಗುರವಾಗಿದ್ದರೆ ಅಮ್ಮ ಒಬ್ಬರೇ ಅಂಗಳದಿಂದ ಜಗಲಿಗೆ ಎತ್ತಿ ತರಬಹುದು, ಮಳೆ ಹನಿ ಬಿತ್ತು ಅಂದರೆ ಅಲ್ಲಿ ಅಷ್ಟೇ ಸಮಯ ಸಿಗುವುದು.

ಅಂಗಳ ದೊಡ್ಡದಿದ್ದರೆ ಛತ್ರಿ ಥರ ಬಿಚ್ಚುವ, ತಿರುಗುವ ಸ್ಟ್ಯಾಂಡ್ ಯೋಚಿಸಬಹುದು. ಆಸ್ಟ್ರೇಲಿಯಾದ ಅಡಿಲೇಡ್‌ನಲ್ಲಿ ಲ್ಯಾನ್ಸ್ ಹಿಲ್ ಎಂಬುವರು 1945ರಲ್ಲಿ ಮಾಡಿ ಮಾರಲು ಶುರುಮಾಡಿದ ಹಿಲ್ಸ್ ಹಾಯಿಸ್ಟ್ ಇದೇ ಜಾತಿಯದು, ಅಲ್ಲಿ ಮನೆಮನೆಯ ಹಿತ್ತಲಲ್ಲೂ ಕಾಣುತ್ತಿತ್ತು. ಆದರೆ ಅದು ಒಣ ಹವೆಯ ಊರಿಗೆ ಹೇಳಿ ಮಾಡಿಸಿದ್ದು. ಜೂನ್‌ನಿಂದ ನಾಲ್ಕು ತಿಂಗಳು ಕುಂದಾಪುರದಲ್ಲಿ ಅದನ್ನು ಕಿತ್ತು ಒಳಗಿಡಬೇಕಾಗುತ್ತದೆ. ಆ ತಿಂಗಳುಗಳಿಗೆ ಹಳೆ ಮನೆಗಳಲ್ಲಿದ್ದ ಗಳವೇ ಸರಿ. ಮಾಡಿಗೆ ಹಗ್ಗದಲ್ಲಿ ತೂಗುಬಿಟ್ಟ ಬಿದಿರು, ಅದರ ಮೇಲೆ ಮಡಿಕೋಲಿನಿಂದ ಸೀರೆ ಹರವುವುದು. ಬಿಸಿಗಾಳಿ ಮೇಲಕ್ಕೇರಿ ಅಲ್ಲೇ ಸೇರುತ್ತದೆ. ಒಂದು ಗಳಕ್ಕೆ ಒಂದೇ ಸಾಲು ಬಟ್ಟೆ, ಸುತ್ತ ಧಾರಾಳ ಜಾಗ. ಇವತ್ತು ಅಂಗಡಿಯಲ್ಲಿ ಸೀಲಿಂಗ್ ಹ್ಯಾಂಗರ್ ಅಂತ ರಾಟೆ ಹಾಕಿ ಮಾರುವುದೂ ಹೆಚ್ಚುಕಡಿಮೆ ಇದನ್ನೇ. ಸ್ವಂತ ಮನೆ, ಡ್ರಿಲ್ ಮಾಡಲು ಯಾರ ಅಪ್ಪಣೆಯೂ ಬೇಡ, ಜಗಲಿಯಲ್ಲಿ ಒಂದು ಹಾಕಿಸಿಕೊಡಿ. ರಾಟೆಯ ಹಗ್ಗ ನೈಲಾನಿನದಿರಲಿ.

ನಿಮಗೆ: ಕಂಬಿ ನಾಲ್ಕೈದು ಇಂಚು ದೂರವಿರುವ, ಎರಡು ರೆಕ್ಕೆಯ, ಲಾಕ್ ಇರುವ 304 ಸ್ಟೀಲ್ ಸ್ಟ್ಯಾಂಡ್. ಬಜೆಟ್ ಕಮ್ಮಿಯಿದ್ದರೆ ಆನೊಡೈಸ್ಡ್ ಅಲ್ಯೂಮಿನಿಯಂ. 202ಕ್ಕೆ ಹೋಗುವುದಾದರೆ ರಾತ್ರಿ ಒಳಗಿಡುವ ಶಿಸ್ತು ಬೇಕು.

ಹಳೆಯದನ್ನು ಗುಜರಿಗೆ ಹಾಕುವ ಮುಂಚೆ ಕಾಲು ಗಟ್ಟಿಯಿದೆಯಾ ನೋಡಿ. ಇದ್ದರೆ ರಿವೆಟ್ ಕೊರೆದು ತೆಗೆದು, ಸ್ಟೀಲ್ ಬೋಲ್ಟ್, ಎರಡು ನೈಲಾನ್ ವಾಷರ್, ನೈಲಾಕ್ ನಟ್ (ಒಳಗೆ ನೈಲಾನ್ ಬಳೆ ಇರುವ, ತಾನಾಗಿ ಸಡಿಲವಾಗದ ನಟ್) ಹಾಕಿಸಿ. ನಟ್ಟನ್ನು ಪೂರ್ತಿ ಬಿಗಿಯಬೇಡಿ, ಮಡಚಲು ಬರುವಷ್ಟು ಸಡಿಲವಿರಲಿ. ತುಕ್ಕನ್ನು ಉಪ್ಪು ಕಾಗದದಲ್ಲಿ ಉಜ್ಜಿ, ರೆಡ್ ಆಕ್ಸೈಡ್ ಪ್ರೈಮರ್ ಹೊಡೆದು, ಒಣಗಿದ ಮೇಲೆ ಎನಾಮಲ್ ಪೇಂಟ್ ಕೊಡಿ. ಕಂಬಿಗಳಿಗೆ ಕರೆಂಟ್ ವೈರಿಂಗಿನ ತೆಳು ಪಿವಿಸಿ ಪೈಪನ್ನು ಉದ್ದಕ್ಕೆ ಸೀಳಿ ತೊಡಿಸಿ, ಸೀಳು ಕೆಳಮುಖವಾಗಿರಲಿ. ಪೈಪ್ ಕಂಬಿಗಿಂತ ದಪ್ಪವಾದ್ದರಿಂದ ಬಟ್ಟೆಗೆ ಗೆರೆಯೂ ಬೀಳುವುದಿಲ್ಲ. ಬಿಳಿ ಪಂಚೆ ಮಾತ್ರ ಹೊಸದರ ಮೇಲೇ ಹಾಕಿ. ಹಳೆಯದಕ್ಕೆ ಕಾಲೊರಸು, ಡೋರ್‌ಮ್ಯಾಟ್, ನೆಲ ಒರೆಸುವ ಬಟ್ಟೆ ಸಾಕು.